ಯಾವ ಹಾವು? ‘ನೋಡಿಲ್ಲ’

ಹಾವು ಕಡಿದವರ ಫಾರ್ಮಿನಲ್ಲಿ ತೂಕದ ಕಾಲಂ ಬೇಡ ಎಂದವಳು ನಮ್ಮ ಚಿಗವ್ವ. ಚಿಂಚೋಳಿ, ಸೇಡಂ ಕಡೆಯ ಸರಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ನಾನು ಕಲಬುರಗಿ ಜಿಲ್ಲೆಯ ಕಾಳಗಿಯವನು, ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ರೋಗಿ ದಾಖಲೆಯ ಸಾಫ್ಟ್‌ವೇರ್ ಹೊಂದಿಸಿಕೊಡುವುದು ನನ್ನ ಕೆಲಸ. ತೊಗರಿ ರಾಶಿಗೆ ಊರಿಗೆ ಬಂದವನು ಬಿಡುವಿನಲ್ಲಿ ಲ್ಯಾಪ್‌ಟಾಪಿಗೆ ಬಹ್ಮ್ನಿ ಎಂಬ ಆಸ್ಪತ್ರೆ ಸಾಫ್ಟ್‌ವೇರ್ ಹಾಕಿಕೊಂಡು, ನಮ್ಮ ಸೀಮೆಗೆ ಒಗ್ಗುವಂಥ ಹಾವುಕಡಿತದ ಫಾರ್ಮ್ ಒಂದನ್ನು ಕಟ್ಟುತ್ತ ಕೂತಿದ್ದೆ.

“ತಮ್ಮಾ, ಕೂಸಿಗಿ ಕಡದ್ರ ಹಾವೇನ್ ಕಮ್ಮಿ ವಿಷ ಬಿಡ್ತದೇನು? ಔಷಧ ಸಣ್ಣೋರಿಗೂ ದೊಡ್ಡೋರಿಗೂ ಒಂದೇ ಅಳತಿ. ತೂಕ ಯಾಕ್ ಕೇಳ್ತಿ?” ಎಂದಳು.

ಇದು ವೈದ್ಯರ ಪುಸ್ತಕದಲ್ಲೂ ಇರುವ ಮಾತು. ಆದರೆ ಫಾರ್ಮ್ ಮಾಡುವ ಎಂಜಿನಿಯರಿಗೆ ಇದು ತಾನಾಗಿ ಹೊಳೆಯುವುದಿಲ್ಲ. ಹೊರಗಿನವರು ಮಾಡಿದ ಫಾರ್ಮುಗಳು ಆಸ್ಪತ್ರೆಗಳಲ್ಲಿ ಅರ್ಧಂಬರ್ಧ ತುಂಬಿ ಬಿದ್ದಿರುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ.

ಹಾವುಕಡಿತವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಉಂಟು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಗಳೂ ವರದಿ ಕೊಡಬೇಕು. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರ ಅಂದಾಜು, ಅಂದರೆ ವರ್ಷಕ್ಕೆ ಸರಾಸರಿ ಸುಮಾರು 58,000. ಇವರಲ್ಲಿ ಹೆಚ್ಚಿನವರು ಹಳ್ಳಿಯವರು. ತೊಗರಿ ಹೊಲ, ಚಿಂಚೋಳಿಯ ಕಾಡು, ಶಹಾಬಾದಿನ ಕಲ್ಲುಗಣಿಗಳ ಪಕ್ಕ ಒಟ್ಟಿದ ಪರಸಿ ಕಲ್ಲಿನ ರಾಶಿ, ನಮ್ಮ ಸೀಮೆಯಲ್ಲಿ ಇವೆಲ್ಲ ಹಾವಿಗೂ ಮನುಷ್ಯನಿಗೂ ಒಂದೇ ಜಾಗ.

ಇನ್ನು ಸಾಫ್ಟ್‌ವೇರಿನ ವಿಷಯ. ಬಹ್ಮ್ನಿಯ ಬುಡದಲ್ಲಿರುವುದು ಓಪನ್‌ಎಂಆರ್‌ಎಸ್. 2004ರಲ್ಲಿ ಅಮೆರಿಕದ ಇಂಡಿಯಾನಾದ ರೀಗನ್‌ಸ್ಟ್ರೀಫ್ ಸಂಸ್ಥೆಯ ವೈದ್ಯರಾದ ಬರ್ಕ್ ಮ್ಯಾಮ್ಲಿನ್ ಮತ್ತು ಪಾಲ್ ಬಿಯೊಂಡಿಚ್ ಕೀನ್ಯಾದ ಎಲ್ಡೊರೆಟ್‌ನಲ್ಲಿ ಎಚ್‌ಐವಿ ರೋಗಿಗಳ ದಾಖಲೆ ಕೈಮೀರುತ್ತಿರುವುದನ್ನು ಕಂಡು, ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆಯವರ ಜೊತೆಗೂಡಿ ಕಟ್ಟಿದ್ದು. ಅದಕ್ಕೆ ಲ್ಯಾಬಿನ ಓಪನ್ಎಲಿಸ್, ಬಿಲ್ಲಿನ ಒಡೂ ಸೇರಿಸಿ ಸಣ್ಣ ಆಸ್ಪತ್ರೆಗೆ ಸಾಲುವಂತೆ ಥಾಟ್‌ವರ್ಕ್ಸ್ ಕಂಪನಿಯವರು ಮಾಡಿದ್ದೇ ಬಹ್ಮ್ನಿ. ಅದು ಮೊದಲು ನಡೆದದ್ದು ಛತ್ತೀಸಗಢದ ಬಿಲಾಸಪುರದ ಹತ್ತಿರದ ಗನಿಯಾರಿಯಲ್ಲಿ, ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಯಲ್ಲಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬದಲಿಸಬಹುದು, ಲೈಸೆನ್ಸಿನ ದುಡ್ಡಿಲ್ಲ. ದುಡ್ಡಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ಕಂಪ್ಯೂಟರ್, ಕರೆಂಟು, ನಡೆಸುವ ಮನುಷ್ಯ ಎಲ್ಲ ಬೇಕು.

ಇದರಲ್ಲಿ ನನಗೆ ಮೆಚ್ಚುಗೆಯಾದ ಜಾಣತನ ಒಂದಿದೆ. ಮಾಮೂಲಿ ಸಾಫ್ಟ್‌ವೇರಿನಲ್ಲಿ ಹೊಸ ಪ್ರಶ್ನೆ ಸೇರಿಸಬೇಕೆಂದರೆ ಡೇಟಾಬೇಸಿನ ಟೇಬಲ್ಲಿಗೆ ಹೊಸ ಕಾಲಂ ಕೂಡಿಸಬೇಕು, ಅದಕ್ಕೆ ಕಂಪನಿಗೆ ಫೋನ್ ಹಚ್ಚಬೇಕು. ಇಲ್ಲಿ ಹಾಗಲ್ಲ. ಪ್ರತಿ ಪ್ರಶ್ನೆಯನ್ನೂ ಪ್ರತಿ ಉತ್ತರವನ್ನೂ ‘ಕಾನ್ಸೆಪ್ಟ್’ ಎಂದು ಒಂದು ನಿಘಂಟಿನಲ್ಲಿ ಒಮ್ಮೆ ಬರೆದಿಡುತ್ತಾರೆ: ಇದು ಅಂಕಿಯೋ, ತಾರೀಖೋ, ಹೌದು–ಇಲ್ಲವೋ, ಪಟ್ಟಿಯಿಂದ ಆರಿಸುವಂಥದ್ದೋ. ಅಂಕಿಯಾದರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಮಿತಿಯನ್ನೂ ಹಾಕಬಹುದು. ಫಾರ್ಮ್ ಎನ್ನುವುದು ಆ ನಿಘಂಟಿನಿಂದ ಬೇಕಾದವನ್ನು ಎತ್ತಿ ಜೋಡಿಸಿದ ಹಾಳೆ ಅಷ್ಟೇ. ತುಂಬಿದ ಉತ್ತರಗಳು ಯಾರದು, ಯಾವ ಪ್ರಶ್ನೆ, ಯಾವಾಗ, ಏನು ಎಂದು ಒಂದೊಂದು ಸಾಲಾಗಿ ಕೂಡುತ್ತವೆ. ಹೀಗಾಗಿ ತೂಕವನ್ನು ಬಸುರಿಯರ ಫಾರ್ಮಿನಲ್ಲಿ ಬರೆದರೂ ಹೊರರೋಗಿಗಳ ಫಾರ್ಮಿನಲ್ಲಿ ಬರೆದರೂ ಒಂದೇ ಕಡೆ ಸೇರುತ್ತದೆ. ಬೇರೆ ಔಷಧಕ್ಕೆ ತೂಕ ಬೇಕಾದರೆ ಅಲ್ಲಿಂದ ಸಿಗುತ್ತದೆ, ಹಾವಿನ ಫಾರ್ಮಿನಲ್ಲಿ ಮತ್ತೆ ಕೇಳಬೇಕಿಲ್ಲ.

ಪರದೆಯ ಮೇಲೆ ಫಾರ್ಮ್ ಜೋಡಿಸುವುದು ಸುಲಭ. ಎಡಗಡೆಯಿಂದ ಎಳೆದು ನಡುವೆ ಬಿಡುವುದು, ಹೆಸರು ಕೊಡುವುದು, ಪಬ್ಲಿಷ್ ಒತ್ತುವುದು. ಕಷ್ಟವೆಲ್ಲ ಪಟ್ಟಿಯಲ್ಲಿ ಏನಿರಬೇಕು ಎನ್ನುವುದರಲ್ಲಿ.

‘ಯಾವ ಹಾವು?’ ಎಂಬುದನ್ನೇ ತೆಗೆದುಕೊಳ್ಳಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇಷ್ಟು ಹಾಕಿ ಉತ್ತರ ಕಡ್ಡಾಯ ಮಾಡಿದರೆ, ರಾತ್ರಿಪಾಳಿಯ ನರ್ಸ್ ಮುಂದೆ ಹೋಗಲಿಕ್ಕಾಗಿ ಯಾವುದೋ ಒಂದನ್ನು ಒತ್ತುತ್ತಾಳೆ. ಸುಳ್ಳು ಅಂಕಿಅಂಶ ಹುಟ್ಟುವುದೇ ಅಲ್ಲಿ. ನಮ್ಮಲ್ಲಿ ಕೊಡುವ ವಿಷನಿರೋಧಕ ಈ ನಾಲ್ಕಕ್ಕೂ ಸೇರಿಸಿ ಮಾಡಿದ್ದು, ಹಾವು ಯಾವುದೆಂದು ಗೊತ್ತಾಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ಹಾಗಾಗಿ ‘ನೋಡಿಲ್ಲ’ ಎಂಬುದನ್ನು ಪಟ್ಟಿಯ ತಲೆಗೇ ಹಾಕಿದೆ. ‘ಕಡಿದ ಗುರುತು’ ಎಂಬಲ್ಲಿಯೂ ‘ಕಾಣುತ್ತಿಲ್ಲ’ ಇರಬೇಕೆಂದು ಚಿಗವ್ವ ಹಟ ಹಿಡಿದಳು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ, ಎಷ್ಟೋ ಸಲ ಉರಿಯಿಲ್ಲ, ಗುರುತಿಲ್ಲ. ಹೊಟ್ಟೆನೋವೆಂದು ಬಂದವರ ರೆಪ್ಪೆ ಜೋತುಬಿದ್ದಾಗಲೇ ಸಂಶಯ.

ಹೊತ್ತಿನದು ಇನ್ನೊಂದು ಪೇಚು. ಎಷ್ಟು ಗಂಟೆಗೆ ಕಡಿಯಿತು ಎಂದರೆ ಜನ ಹೇಳುವುದು “ದನ ಹೊಡಕೊಂಡು ಬರೋ ಹೊತ್ತಿಗ್ರಿ” ಎಂದು. ಕಂಪ್ಯೂಟರಿಗೆ ಗಂಟೆ–ನಿಮಿಷ ಬೇಕು. ಅದಕ್ಕೆ ಸಮಯದ ಪಕ್ಕ ‘ಅಂದಾಜು’ ಎಂಬ ಚೌಕ ಇಟ್ಟೆ. ನಾಳೆ ಲೆಕ್ಕ ತೆಗೆಯುವವನಿಗೆ ಖಚಿತ ಯಾವುದು, ಅಂದಾಜು ಯಾವುದು ಬೇರೆಯಾಗಿ ಕಾಣುತ್ತದೆ. ‘ಮೊದಲು ಎಲ್ಲಿಗೆ ಹೋಗಿದ್ದಿರಿ’ ಎಂಬ ಪ್ರಶ್ನೆಗೆ ಮಂತ್ರ ಹಾಕುವವರು, ನಾಟಿ ಔಷಧ ಎರಡನ್ನೂ ಬೈಯುವ ಧಾಟಿಯಿಲ್ಲದೆ ಸೇರಿಸಿದ್ದಾಯಿತು. ಬೈಗುಳದ ವಾಸನೆ ಬಂದರೆ ಯಾರೂ ನಿಜ ಹೇಳುವುದಿಲ್ಲ. ಹಗ್ಗ ಬಿಗಿದಿದ್ದಾರೆಯೇ ಎಂಬುದೂ ಇದೆ, ಬಿಗಿದದ್ದನ್ನು ಒಮ್ಮೆಲೇ ಬಿಚ್ಚುವುದು ಅಪಾಯ.

ಎಲ್ಲಕ್ಕಿಂತ ತಲೆ ತಿಂದದ್ದು ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಒಣಗಿದ, ಶುಚಿಯಾದ ಗಾಜಿನ ಕೊಳವೆಗೆ ಎರಡು ಮಿಲಿ ಹಸಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ನೀರಾಗಿಯೇ ಇದ್ದರೆ ಮಂಡಲದ ವಿಷ ಏರಿದೆ ಎಂದು ಲೆಕ್ಕ. ವಿಷನಿರೋಧಕ ಕೊಟ್ಟ ಆರು ತಾಸಿಗೆ ಮತ್ತೆ ಅದೇ ಪರೀಕ್ಷೆ. ಒಂದೇ ಉತ್ತರದ ಚೌಕ ಇಟ್ಟರೆ ಎರಡನೆಯ ಫಲಿತಾಂಶ ಮೊದಲಿನದನ್ನು ಅಳಿಸುತ್ತದೆ. ಆದ್ದರಿಂದ ಸಮಯ, ಫಲಿತಾಂಶ ಎರಡನ್ನೂ ಒಂದು ಗುಂಪಾಗಿ ಕಟ್ಟಿ, ‘ಇನ್ನೊಂದು ಸೇರಿಸಿ’ ಎಂಬ ಗುಂಡಿ ಕೊಡಬೇಕು. ಕಾಳಗಿಯಿಂದ ಕಲಬುರಗಿಗೆ ಸಾಗಿಸಿದಾಗ ಅಲ್ಲಿನ ವೈದ್ಯರು ಮೊದಲು ಕೇಳುವುದು ಈ ಸಾಲುಗಳನ್ನೇ.

ರೋಗಿಯ ವಿಳಾಸಕ್ಕೆ ಬೇಕಾದ ಊರಿನ ಪಟ್ಟಿಯನ್ನು ಬೇರೆಯಾಗಿ ಒಂದು ಸಿಎಸ್‌ವಿ ಕಡತದಲ್ಲಿ ತುಂಬಿಸಬೇಕು: ರಾಜ್ಯ, ಜಿಲ್ಲೆ, ತಾಲ್ಲೂಕು, ಊರು. 2018ರವರೆಗೆ ಕಾಳಗಿ ಚಿತ್ತಾಪುರ ತಾಲ್ಲೂಕಿನಲ್ಲಿತ್ತು. ಹಳೆಯ ಪಟ್ಟಿ ಎತ್ತಿಕೊಂಡರೆ ಕಾಳಗಿಯ ಕಡಿತಗಳೆಲ್ಲ ಚಿತ್ತಾಪುರದ ಲೆಕ್ಕಕ್ಕೆ ಹೋಗುತ್ತವೆ, ಶಹಾಬಾದಿನದೂ ಹಾಗೆಯೇ. ತಾಂಡಾಗಳಂತೂ ಎಷ್ಟೋ ಪಟ್ಟಿಗಳಲ್ಲಿ ಹೆಸರಿಲ್ಲದೆ ಪಕ್ಕದ ಊರಿನ ಹೊಟ್ಟೆಯೊಳಗೆ ಕೂತಿವೆ. ವಿಷನಿರೋಧಕ ಯಾವ ಆಸ್ಪತ್ರೆಯಲ್ಲಿ ಎಷ್ಟು ಇಡಬೇಕೆಂದು ಮುಂದೆ ತೀರ್ಮಾನಿಸುವವರಿಗೆ ಹೆಸರೇ ಇಲ್ಲದ ತಾಂಡಾ ಕಾಣುವುದು ಹೇಗೆ?

ಫಾರ್ಮ್ ತಿದ್ದಿದರೆ ಹಳೆಯದು ಹಾಳಾಗುವುದಿಲ್ಲವೇ ಎಂದು ಚಿಗವ್ವ ಕೇಳಿದಳು. ಇಲ್ಲ. ತಿದ್ದಿದ್ದು ಹೊಸ ಆವೃತ್ತಿಯಾಗುತ್ತದೆ, ಮೊದಲು ತುಂಬಿದ್ದು ತುಂಬಿದ ಆವೃತ್ತಿಯಲ್ಲೇ ಕಾಣುತ್ತದೆ. ಪ್ರಶ್ನೆಗಳಿಗೆ ಕನ್ನಡದ ಹೆಸರನ್ನೂ ಇಂಗ್ಲಿಷಿನದನ್ನೂ ಕೊಡಬಹುದು, ಯಾವುದರಲ್ಲಿ ಓದಿ ತುಂಬಿದರೂ ಉತ್ತರ ಹೋಗಿ ಕೂಡುವ ಜಾಗ ಒಂದೇ.

ಸೇಡಂ, ವಾಡಿ, ಚಿಂಚೋಳಿಯ ಸಿಸ್ಟರ್‌ಗಳಿಗೆ ನನ್ನದೊಂದು ವಿನಂತಿ. ಕಂಪ್ಯೂಟರ್ ಬರುವುದನ್ನು ಕಾಯಬೇಡಿ. ನಿಮ್ಮ ರಿಜಿಸ್ಟರಿನಲ್ಲಿ ಯಾವ ಕಾಲಂ ಯಾವಾಗಲೂ ಖಾಲಿ ಬೀಳುತ್ತದೆ, ಯಾವುದನ್ನು ಅಂಚಿನಲ್ಲಿ ಇರುಕಿಸಿ ಬರೆಯುತ್ತೀರಿ, ಅದನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಊರಿಗೆ ರಜೆಗೆ ಬರುವ ಸಾಫ್ಟ್‌ವೇರಿನ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರ ಕೈಗೆ ಆ ಹಾಳೆ ಕೊಡಿ.