ಮನೆಯಲ್ಲಿ ಉಳಿದ ಮುಸುಕಿನ ಜೋಳದ ಹಿಟ್ಟು ಮತ್ತು ರವೆಯ ಸದ್ಬಳಕೆ

ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳು ಹೋಬಳಿಯಲ್ಲಿ ಊಟವೆಂದರೆ ರಾಗಿ ಮುದ್ದೆ ಮತ್ತು ಅನ್ನ. ಮುಸುಕಿನ ಜೋಳವನ್ನು ಬೆಳೆದರೂ ಅದರ ಬಹುಪಾಲು ಮಾರುಕಟ್ಟೆಗೆ ಅಥವಾ ಕೋಳಿ ಮತ್ತು ರಾಸುಗಳ ಆಹಾರಕ್ಕೆ ಹೋಗುತ್ತದೆ. ಮನೆಬಳಕೆಗೆಂದು ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಒಂದೆರಡು ದಿನ ರೊಟ್ಟಿಯಾಗಿ, ಅನಂತರ ಡಬ್ಬಿಯಲ್ಲೇ ಉಳಿದು ಕಹಿಯಾಗುವುದುಂಟು. ಇದನ್ನು ಗೋಧಿ ಹಿಟ್ಟಿನಂತೆ ಕಲಸಲು ಹೊರಡುವುದು ಮತ್ತು ರಾಗಿ ಹಿಟ್ಟಿನಷ್ಟೇ ಕಾಲ ಇಡಬಹುದೆಂದು ಭಾವಿಸುವುದು ಈ ನಷ್ಟಕ್ಕೆ ಕಾರಣಗಳು.

ಹಿಟ್ಟು ಬೇಗ ಕೆಡುವುದೇಕೆ?

100 ಗ್ರಾಂ ಮುಸುಕಿನ ಜೋಳದಲ್ಲಿ ಸುಮಾರು 9 ಗ್ರಾಂ ಸಸಾರಜನಕ ಮತ್ತು 3.5ರಿಂದ 4 ಗ್ರಾಂ ಕೊಬ್ಬು ಇರುತ್ತದೆ. ರಾಗಿಯಲ್ಲಿ ಕೊಬ್ಬು 2 ಗ್ರಾಂಗಿಂತ ಕಡಿಮೆ. ಜೋಳದ ಎಣ್ಣೆಯ ಬಹುಭಾಗ ಕಾಳಿನ ಮೊಳಕೆಯಲ್ಲಿದ್ದು, ಬೀಸಿದಾಗ ಗಾಳಿಗೆ ತೆರೆದುಕೊಂಡು ಕಮಟಾಗುತ್ತದೆ. ಆದ್ದರಿಂದ ಕಾಳನ್ನು ಶೇಕಡಾ 12ರ ತೇವಾಂಶಕ್ಕೆ ಒಣಗಿಸಿ ಕಾಳಾಗಿಯೇ ಸಂಗ್ರಹಿಸಿ, ಎರಡು ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಬೀಸಿಸುವುದು ಉತ್ತಮ. ಬೀಸಿದ ಹಿಟ್ಟನ್ನು ಆರಿಸಿದ ನಂತರವೇ ಡಬ್ಬಿಗೆ ತುಂಬಬೇಕು.

ಬಳಸುವ ಮುನ್ನ ಪರೀಕ್ಷಿಸಿ

• ಕಮಟು ವಾಸನೆ ಅಥವಾ ಕಹಿ ರುಚಿಯಿರುವ ಹಿಟ್ಟನ್ನು ಅಡುಗೆಗೆ ಬಳಸಬಾರದು.
• ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಸ್ತು ಇರಬಹುದು. ಸಾಮಾನ್ಯ ಅಡುಗೆಯ ಶಾಖಕ್ಕೆ ಇದು ನಾಶವಾಗುವುದಿಲ್ಲ. ಮನುಷ್ಯರಿಗೆ ಬೇಡವೆಂದು ಅಂಥ ಹಿಟ್ಟನ್ನು ಹಸುವಿಗೆ ಹಾಕಿದರೆ ವಿಷದ ಅಂಶ ಹಾಲಿನಲ್ಲಿ ಸೇರಿ ಮನೆಯ ಮಕ್ಕಳಿಗೇ ಮರಳುತ್ತದೆ. ಅದನ್ನು ಮಣ್ಣಿನಲ್ಲಿ ಹೂಳಬೇಕು.
• ಬಿತ್ತನೆಗೆ ತಂದು ಉಳಿದ, ಬಣ್ಣ ಲೇಪಿಸಿದ ಬೀಜವನ್ನು ತೊಳೆದ ನಂತರವೂ ಬೀಸಿಸಬಾರದು. ಅದಕ್ಕೆ ಔಷಧ ಲೇಪಿಸಿರುತ್ತಾರೆ.

ಅಡುಗೆಯ ಮೂಲ ಸೂತ್ರ

ಗೋಧಿಯನ್ನು ಜಿಗುಟಾಗಿಸುವ ಅಂಟು ಮುಸುಕಿನ ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಲಟ್ಟಿಸುವಾಗ ಒಡೆಯುತ್ತದೆ. ಕುದಿಯುವ ನೀರಿನಲ್ಲಿ ಕಲಸಿದರೆ ಪಿಷ್ಟವು ಬೆಂದು ಹಿಟ್ಟು ಒಂದುಗೂಡುತ್ತದೆ. ಅಕ್ಕಿ ರೊಟ್ಟಿಯನ್ನೂ ರಾಗಿ ಮುದ್ದೆಯನ್ನೂ ಮಾಡಬಲ್ಲ ಕೈಗೆ ಇದು ಹೊಸ ವಿದ್ಯೆಯಲ್ಲ. ಇಟಲಿಯ ಜನ ಪೊಲೆಂಟಾ ಎಂದು ಕರೆಯುವುದೂ ಬಿಸಿನೀರಿನಲ್ಲಿ ತಿರುವಿ ಬೇಯಿಸಿದ ಜೋಳದ ರವೆಯನ್ನೇ.

ಬಳಕೆಯ ವಿಧಾನಗಳು

1. ನುಚ್ಚಿನ ಮುದ್ದೆ: ಅಕ್ಕಿ ನುಚ್ಚಿನ ಬದಲು ಅರ್ಧ ಲೋಟ ಜೋಳದ ರವೆಯನ್ನು ಅರ್ಧ ಗಂಟೆ ನೆನೆಸಿ, ಐದೂವರೆ ಲೋಟ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಎರಡು ಲೋಟ ರಾಗಿ ಹಿಟ್ಟು ಹಾಕಿ, ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು, ಕೋಲಿನಿಂದ ತಿರುವಿ ಮುದ್ದೆ ಕಟ್ಟಿ.

2. ಸೊಪ್ಪಿನ ರೊಟ್ಟಿ: ಎರಡು ಲೋಟ ಹಿಟ್ಟಿಗೆ ಹೆಚ್ಚಿದ ನುಗ್ಗೆ ಅಥವಾ ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಬಿಸಿನೀರಿನಲ್ಲಿ ಕಲಸಿ. ಹತ್ತು ನಿಮಿಷ ಮುಚ್ಚಿಟ್ಟು, ಬಾಳೆ ಎಲೆಯ ಮೇಲೆ ತಟ್ಟಿ ಬೇಯಿಸಿ.

3. ಅವರೆಕಾಳಿನ ಉಪ್ಪಿಟ್ಟು: ರವೆಯನ್ನು ಘಮ ಬರುವವರೆಗೆ ಹುರಿಯಿರಿ. ಒಂದು ಲೋಟ ರವೆಗೆ ಮೂರು ಲೋಟ ನೀರು ಬೇಕು. ಗೋಧಿ ರವೆಗಿಂತ ನಿಧಾನವಾಗಿ ಬೇಯುವುದರಿಂದ ಮುಚ್ಚಳ ಮುಚ್ಚಿ 12ರಿಂದ 15 ನಿಮಿಷ ಬೇಯಿಸಿ.

4. ಹೋಳುಗಳು: ಗಟ್ಟಿಯಾಗಿ ಬೆಂದ ರವೆ ಮಿಕ್ಕರೆ ಎಣ್ಣೆ ಸವರಿದ ತಟ್ಟೆಗೆ ಸುರಿದು ಆರಿಸಿ. ಅದೇ ದಿನ ಹೋಳು ಮಾಡಿ, ಕಾವಲಿಯಲ್ಲಿ ಕೆಂಪಗೆ ಸುಟ್ಟು ಹುಚ್ಚೆಳ್ಳು ಚಟ್ನಿಪುಡಿಯೊಡನೆ ಬಡಿಸಿ.

5. ಉಂಡೆ: ಹಿಟ್ಟನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿದು, ಅರ್ಧದಷ್ಟು ಹುರಿಗಡಲೆ ಹಿಟ್ಟು, ಹುರಿದ ಕಡಲೆಕಾಯಿ ಬೀಜದ ಪುಡಿ ಸೇರಿಸಿ, ಮಂಡ್ಯದ ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿ.

6. ಹುಡಿಹಿಟ್ಟು: ನಿಪ್ಪಟ್ಟು, ಚಕ್ಕುಲಿಯ ಅಕ್ಕಿ ಹಿಟ್ಟಿನಲ್ಲಿ ಕಾಲು ಭಾಗವನ್ನು ಜೋಳದ ಹಿಟ್ಟಿನಿಂದ ಬದಲಿಸಬಹುದು.

ಕಾಳು ಮತ್ತು ಸೊಪ್ಪಿನ ಜೊತೆ ಏಕೆ?

ಮುಸುಕಿನ ಜೋಳದ ಸಸಾರಜನಕದಲ್ಲಿ ಲೈಸಿನ್ ಮತ್ತು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲಗಳು ಕಡಿಮೆ. ಇದರಲ್ಲಿರುವ ನಯಾಸಿನ್ ಜೀವಸತ್ವವೂ ದೇಹಕ್ಕೆ ಸುಲಭವಾಗಿ ದೊರೆಯುವುದಿಲ್ಲ. 18 ಮತ್ತು 19ನೆಯ ಶತಮಾನಗಳಲ್ಲಿ ಉತ್ತರ ಇಟಲಿಯ ಬಡ ಕೃಷಿಕರು ಬಹುಮಟ್ಟಿಗೆ ಪೊಲೆಂಟಾವನ್ನೇ ನಂಬಿ ಬದುಕಿ, ಚರ್ಮ ಒಡೆದು ಬುದ್ಧಿ ಮಂಕಾಗುವ ಪೆಲ್ಲಾಗ್ರಾ ರೋಗಕ್ಕೆ ತುತ್ತಾದರು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುವ ಮೆಕ್ಸಿಕೋದ ಜನರನ್ನು ಆ ಪದ್ಧತಿಯೇ ಕಾಪಾಡಿತು. ನಮ್ಮಲ್ಲಿ ಹುರುಳಿ ಸಾರು, ಅವರೆಕಾಳು, ಹೆಸರುಕಾಳು, ಕಡಲೆಕಾಯಿ, ಮಜ್ಜಿಗೆ ಈ ಕೊರತೆಯನ್ನು ತುಂಬುತ್ತವೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಎಂಬುದನ್ನು ನೆನಪಿಡಿ. ರಾಗಿಯನ್ನು ಪೂರ್ತಿ ಬಿಟ್ಟು ಜೋಳಕ್ಕೆ ಬದಲಾಗಬೇಕಿಲ್ಲ. ಸುಣ್ಣದ ಅಂಶದಲ್ಲಿ ರಾಗಿಗೆ ಜೋಳ ಸಾಟಿಯಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಸ್ತ್ರೀಶಕ್ತಿ ಗುಂಪುಗಳ ಸಭೆಯಲ್ಲಿ ಒಂದೇ ಹಿಟ್ಟನ್ನು ತಣ್ಣೀರಿನಲ್ಲಿ ಮತ್ತು ಬಿಸಿನೀರಿನಲ್ಲಿ ಕಲಸಿ ತೋರಿಸಿದರೆ ವ್ಯತ್ಯಾಸ ಕೂಡಲೇ ಮನದಟ್ಟಾಗುತ್ತದೆ. ಬೂಷ್ಟಿನ ಹಿಟ್ಟನ್ನು ರಾಸುಗಳಿಗೆ ಹಾಕಬಾರದೆಂಬ ಮಾತನ್ನು ಪ್ರತಿ ಸಭೆಯಲ್ಲೂ ತಪ್ಪದೆ ಹೇಳಬೇಕು. ಹೆಚ್ಚಿನ ಮಾಹಿತಿಗೆ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.