ಬಿರಿಯಾನಿ ಆಮೇಲೆ, ಮೊದಲು ಗಂಜಿ

ಊರಿನಿಂದ ಪುಣೆಗೆ ಕೆಲಸಕ್ಕೆ ಬಂದು, ಈಚೆಗೆ ನಿಕಾಹ್ ಆಗಿ, ಕೊಂಢ್ವಾದಲ್ಲೋ ಕ್ಯಾಂಪಿನಲ್ಲೋ ಬಾಡಿಗೆ ಮನೆ ಹಿಡಿದಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಪರಿಸ್ಥಿತಿ ನನಗೆ ಗೊತ್ತುಂಟು. ನಿನ್ನೆಯವರೆಗೆ ಮೆಸ್ಸಿನ ಡಬ್ಬಾ ತಿಂದವರು ನೀವು. ಈಗ ಮನೆಯಲ್ಲಿ ಗ್ಯಾಸ್ ಇದೆ, ಮಾಮಿ ಕೊಟ್ಟು ಕಳಿಸಿದ ಹೊಸ ಕುಕ್ಕರ್ ಇದೆ, ಮತ್ತು ಒಂದು ಆಸೆ ಇದೆ: ಒಂದು ದಿನ ನಾನೇ ಅಡುಗೆ ಮಾಡಿ ಅವಳನ್ನು ಖುಷಿಪಡಿಸಬೇಕು. ಒಳ್ಳೆಯ ಆಸೆಯೇ. ಆದರೆ ಹತ್ತರಲ್ಲಿ ಒಂಬತ್ತು ಮಂದಿ ಅದಕ್ಕೆ ಬಿರಿಯಾನಿಯನ್ನೇ ಆರಿಸಿಕೊಳ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಕತೆ ಚಿಕ್ಕದು. ಒಂದು ಭಾನುವಾರ ಕ್ಯಾಂಪಿನ ಶಿವಾಜಿ ಮಾರ್ಕೆಟಿನಿಂದ ಮಟನ್ ತಂದೆ. ಅಂಗಡಿಯವನ ಹತ್ತಿರ "ಒಳ್ಳೇ ಪರಿಮಳದ ಅಕ್ಕಿ ಕೊಡಿ" ಅಂದೆ. ಅವನು ಪ್ರಾಮಾಣಿಕವಾಗಿ ಪುಣೆಯವರು ಪ್ರೀತಿಯಿಂದ ಉಣ್ಣುವ ಇಂದ್ರಾಯಣಿ ಅಕ್ಕಿ ಕೊಟ್ಟ. ವೀಡಿಯೊದಲ್ಲಿ ಈರುಳ್ಳಿ ಅರ್ಧ ನಿಮಿಷದಲ್ಲಿ ಬಂಗಾರದ ಬಣ್ಣಕ್ಕೆ ಬಂದಿತ್ತು. ನನ್ನದು ಹತ್ತು ನಿಮಿಷವಾದರೂ ಬಿಳಿ ಬಿಳಿಯೇ. ಸಿಟ್ಟಿನಲ್ಲಿ ಉರಿ ಜೋರು ಮಾಡಿದೆ, ಅಂಚೆಲ್ಲ ಕಪ್ಪಾಯ್ತು. ರಾತ್ರಿ ಒಂಬತ್ತೂವರೆಗೆ ದಮ್ ತೆಗೆದಾಗ ಪಾತ್ರೆಯಲ್ಲಿ ಇದ್ದದ್ದು ಮಟನ್ ಹಾಕಿದ ಪಾಯಸದಂಥ ಒಂದು ಪದಾರ್ಥ. ಅವಳು ಏನೂ ಹೇಳದೆ ತಿಂದಳು. ಹನ್ನೊಂದು ಗಂಟೆಗೆ ನೀರಿನ ಸದ್ದು ಕೇಳಿ ಅಡುಗೆಮನೆಗೆ ಹೋದರೆ ಸಿಂಕಿನ ಮುಂದೆ ನಿಂತು ಪಾತ್ರೆ ಉಜ್ಜುತ್ತಿದ್ದಾಳೆ. ಹದಿನಾಲ್ಕು ಪಾತ್ರೆ. "ನೀವು ಮಾಡಿದ್ದು ಬಿರಿಯಾನಿ, ನನಗೆ ಬಂದದ್ದು ಪಾತ್ರೆ" ಅಂದಳು. ನಗುತ್ತಲೇ ಅಂದದ್ದು. ಆದರೂ ಆ ಮಾತು ಹೊಟ್ಟೆಯೊಳಗೆ ಕೂತಿತು.

ಏನು ತಪ್ಪಾಯ್ತು ಅಂತ ಮೊದಲು ಒಲೆಯ ಲೆಕ್ಕದಲ್ಲೇ ನೋಡುವ. ಅಕ್ಕಿ ಅಂದರೆ ಎಲ್ಲ ಒಂದೇ ಅಲ್ಲ. ಬಾಸ್ಮತಿ ಬೆಂದ ಮೇಲೆ ಉದ್ದವಾಗುತ್ತದೆ, ಅಗುಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಇಂದ್ರಾಯಣಿ ಪುಣೆ ಜಿಲ್ಲೆಯ ಮಾವಳ ಭಾಗದಲ್ಲಿ ಬೆಳೆಯುವ ಅಕ್ಕಿ, ಹಳೇ ಆಂಬೆಮೋಹರ್ ವಂಶದ್ದು. ಆಂಬೆಮೋಹರ್ ಅಂದರೆ ಮಾವಿನ ಹೂವು, ಆ ಪರಿಮಳಕ್ಕೇ ಆ ಹೆಸರು. ಘಮ ಏನೋ ಚೆನ್ನಾಗಿದೆ, ಆದರೆ ಬೆಂದರೆ ಅಂಟುತ್ತದೆ. ಅದು ಅಕ್ಕಿಯ ದೋಷ ಅಲ್ಲ, ಗುಣ. ಬಿರಿಯಾನಿಗೆ ಬಾಸ್ಮತಿಯನ್ನು ಅರ್ಧ ಗಂಟೆ ನೆನೆಸಿ, ಧಾರಾಳ ಉಪ್ಪುನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಕುದಿಸಿ, ಅಗುಳಿನ ನಡುವೆ ಸಣ್ಣ ಗಟ್ಟಿ ಉಳಿದಿರುವಾಗಲೇ ಬಸಿಯಬೇಕು. ಉಳಿದ ಬೇಯುವಿಕೆ ದಮ್‌ನಲ್ಲಿ, ಸಣ್ಣ ಉರಿಯಲ್ಲಿ, ಒಂದಿಪ್ಪತ್ತು ನಿಮಿಷ.

ಈರುಳ್ಳಿಯ ಗುಟ್ಟು ನೀರು. ಈರುಳ್ಳಿಯ ತೂಕದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಆ ನೀರು ಆವಿಯಾಗಿ ಹೋಗುವ ತನಕ ಅದರ ಬಿಸಿ 100 ಡಿಗ್ರಿ ಹತ್ತಿರವೇ ನಿಂತುಬಿಡುತ್ತದೆ, ಕಂದು ಬಣ್ಣ ಬರಲು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಬೇಕು. ಹಾಗಾಗಿ ಅರ್ಧ ಕಿಲೋ ಈರುಳ್ಳಿಗೆ ನಡು ಉರಿಯಲ್ಲಿ ಇಪ್ಪತ್ತೈದು ನಿಮಿಷ ಬೇಕೇ ಬೇಕು. ವೀಡಿಯೊದವರು ಆ ಇಪ್ಪತ್ತೈದು ನಿಮಿಷವನ್ನು ಕತ್ತರಿಸಿ ಎಸೆದಿರ್ತಾರೆ. ಹೊಸಬನ ಅಡುಗೆ ಕೆಡುವುದು ಹೆಚ್ಚಾಗಿ ಆ ಕತ್ತರಿಸಿ ಎಸೆದ ನಿಮಿಷಗಳಲ್ಲೇ.

ಇಷ್ಟು ಸರಿಮಾಡಿದರೆ ಬಿರಿಯಾನಿ ಸರಿಯಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಪಾತ್ರೆ ಹದಿನಾಲ್ಕೇ ಇರುತ್ತಿತ್ತು. ಆ ಬಿರಿಯಾನಿಯನ್ನು ಮಾಡಿದ್ದು ಯಾರಿಗೆ? ಫೋಟೋ ತೆಗೆದು ಗೆಳೆಯರ ಗ್ರೂಪಿಗೆ ಹಾಕಿದ್ದೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಅವಳಿಗೆ ಬಿರಿಯಾನಿ ಅಷ್ಟಾಗಿ ಇಷ್ಟವಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಮೂರು ತಿಂಗಳ ನಂತರ.

ಮನೆಯಲ್ಲಿ ಪ್ರವಾದಿ(ಸ) ಏನು ಮಾಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ)ರನ್ನು ಕೇಳಿದಾಗ, ಮನೆಯವರ ಸೇವೆಯಲ್ಲಿ ಇರುತ್ತಿದ್ದರು, ನಮಾಝಿನ ಹೊತ್ತಾದಾಗ ಎದ್ದು ಹೋಗುತ್ತಿದ್ದರು ಎಂದು ಅವರು ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಅದೇ ಗ್ರಂಥದಲ್ಲಿ, ಕಾಯಿಲೆ ಬಿದ್ದಿದ್ದ ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಹೇಳಿದ ಮಾತೂ ಇದೆ: ಹೆಂಡತಿಯ ಬಾಯಿಗೆ ಇಡುವ ತುತ್ತಿಗೂ ಪ್ರತಿಫಲವಿದೆ ಅಂತ. ಇವೆರಡನ್ನೂ ನಾವು ಮದುವೆ ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳಿ, ವಾಲಿಮದ ಊಟಕ್ಕೆ ಎದ್ದು ಹೋಗಿದ್ದೇವೆ. ಅಲ್ಲಿ ಬಿರಿಯಾನಿ ಹಂಡೆಯ ಹತ್ತಿರ ಸೌಟು ಹಿಡಿದು ನಿಂತವರು ಯಾರು? ಗಂಡಸರೇ.

ಇದೊಂದು ವಿಚಿತ್ರ ನೋಡಿ. ಹೊರಗೆ ಅಡುಗೆ ಗಂಡಸಿನ ಕಸುಬು, ಮನೆಯೊಳಗೆ ಮಾತ್ರ ಅವನಿಗೆ ಅದು ನಾಚಿಕೆ. ಪುಣೆಗೆ ಇಡ್ಲಿ ದೋಸೆಯ ರುಚಿ ಹಿಡಿಸಿದವರು ಯಾರು? ನಮ್ಮ ಕರಾವಳಿಯಿಂದ ಬಂದ ಗಂಡಸರು. ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿ ಹೋಟೆಲನ್ನು ಊರಿಗೇ ಹೆಸರಾಗುವಂತೆ ಬೆಳೆಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡಾಗ ಪುಣೆಯವರು ತಮ್ಮವರನ್ನೇ ಕಳಕೊಂಡಂತೆ ಮರುಗಿದರು. ಪುಸ್ತಕ ಬೇಕೆಂದರೂ ಅಷ್ಟೇ: ಕನ್ನಡದಲ್ಲಿ ಪದ್ಯರೂಪದಲ್ಲಿ 'ಸೂಪಶಾಸ್ತ್ರ' ಬರೆದ ಮಂಗರಸ, ಹತ್ತನೇ ಶತಮಾನದ ಬಗ್ದಾದಿನಲ್ಲಿ ಅರಬಿಯಲ್ಲಿ ದೊಡ್ಡ ಅಡುಗೆ ಪುಸ್ತಕ ಬರೆದ ಇಬ್ನ್ ಸಯ್ಯಾರ್ ಅಲ್ ವರ್ರಾಕ್, ಮಾಳವದ ಸುಲ್ತಾನ ಘಿಯಾಸ್ ಶಾಹನ ಅಡುಗೆಗಳನ್ನು ಚಿತ್ರ ಸಮೇತ ಹಿಡಿದಿಟ್ಟ 'ನಿಅಮತ್‌ನಾಮಾ'. ಎಲ್ಲ ಗಂಡಸರ ವ್ಯವಹಾರ. ಹಾಗಾಗಿ "ನಮಗೆ ಬರೋದಿಲ್ಲ" ಅನ್ನುವ ಮಾತನ್ನು ಬದಿಗಿಡಿ.

ಹಾಗಾದ್ರೆ ಏನು ಕಲಿಯಬೇಕು? ಅವಳು ಇಲ್ಲಿ ಬಂದ ಮೇಲೆ ಯಾವುದನ್ನು ನೆನಪಿಸಿಕೊಳ್ತಾಳೋ ಅದನ್ನು. ನನಗೆ ಇದು ತಿಳಿದದ್ದು ಅವಳ ಮೊದಲ ಪುಣೆ ರಂಝಾನಿನಲ್ಲಿ. ಅವಳ ಆಫೀಸು ಹಿಂಜವಡಿಯಲ್ಲಿ, ಮನೆ ಕೊಂಢ್ವಾದಲ್ಲಿ. ಊರಿನ ಎರಡು ತುದಿ. ಮಾರ್ಚ್ ಮೊದಲ ವಾರ ಇಲ್ಲಿ ಸೂರ್ಯ ಮುಳುಗುವುದು ಸುಮಾರು 6.40ಕ್ಕೆ. ಆ ಹೊತ್ತಿಗೆ ಅವಳ ಬಸ್ಸು ಕಾತ್ರಜ್ ಬೈಪಾಸಿನ ಟ್ರಾಫಿಕ್‌ನಲ್ಲಿ ಇರ್ತಿತ್ತು. ಸೀಟಿನಲ್ಲೇ ಖರ್ಜೂರ, ಬಾಟಲಿ ನೀರು. ಮನೆಗೆ ಬಂದಾಗ ನಾನು ಕೌಸರ್ ಬಾಗ್‌ನಿಂದ ತಂದ ಸಮೋಸ, ಕಬಾಬ್ ಹರಡಿಕೊಂಡು ಕೂತಿರ್ತಿದ್ದೆ. ಅವಳು ಒಂದು ಮುಟ್ಟಿ ಬಿಟ್ಟುಬಿಡುತ್ತಿದ್ದಳು. ಒಂದು ದಿನ ಅವಳ ಉಮ್ಮನ ಹತ್ತಿರ ಫೋನಿನಲ್ಲಿ, "ನೀವು ಇವತ್ತು ಗಂಜಿ ಮಾಡಿದ್ರಾ?" ಅಂತ ಕೇಳಿದ್ದು ಕಿವಿಗೆ ಬಿತ್ತು. ಆ ಕೇಳಿದ ಸ್ವರ ನನಗೆ ಸಾಕಾಯ್ತು.

ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ನೋಂಬು ತೆರೆಯುವ ಹೊತ್ತಿಗೆ ಮೆಂತೆ ಗಂಜಿ ಹೊಸದಲ್ಲ. ದಿನವಿಡೀ ಖಾಲಿ ಇದ್ದ ಹೊಟ್ಟೆಗೆ ಎಣ್ಣೆಯಲ್ಲಿ ಕರಿದದ್ದು ಭಾರ, ನೀರಾದ, ಬೆಚ್ಚಗಿನ, ಸ್ವಲ್ಪ ಉಪ್ಪಿನ ಗಂಜಿ ಹಿತ. ಮರುದಿನ ನಾನು ಮಾಮಿಗೆ ಫೋನ್ ಮಾಡಿದೆ. ಇಲ್ಲೊಂದು ಕಿವಿಮಾತು: ನಿಮ್ಮ ಉಮ್ಮನಿಗಲ್ಲ, ಅವಳ ಉಮ್ಮನಿಗೇ ಫೋನ್ ಮಾಡಿ. ಗಂಜಿ ಪ್ರತಿ ಮನೆಯಲ್ಲೂ ಬೇರೆ. ಮಾಮಿ ಮೊದಲು ನಕ್ಕರು, "ನಿಮಗ್ಯಾಕೆ ಅದೆಲ್ಲ" ಅಂದರು. ಆಮೇಲೆ ಅಳತೆ ಹೇಳಿದರು, "ಒಂದು ಹಿಡಿ, ಒಂದು ಚಿಟಿಕೆ" ಅಂತ. ಆ ಹಿಡಿ ಚಿಟಿಕೆಗಳನ್ನು ಚಮಚಕ್ಕೆ ಇಳಿಸಲು ನನಗೆ ನಾಲ್ಕು ದಿನ ಹಿಡಿಯಿತು. ನಿಮಗೆ ಆ ಕಷ್ಟ ಬೇಡ.

ಇಬ್ಬರಿಗೆ ಅರ್ಧ ಕಪ್ ಅಕ್ಕಿ, ಅಂದರೆ ಸುಮಾರು 100 ಗ್ರಾಂ. ಯಾವ ಅಕ್ಕಿ? ಬಿರಿಯಾನಿ ಕೆಡಿಸಿದ ಆ ಇಂದ್ರಾಯಣಿಯೇ! ಅಂಟುವ ಗುಣ ಗಂಜಿಗೆ ವರ. ಡಬ್ಬದಲ್ಲಿ ಉಳಿದಿದ್ದ ಅಕ್ಕಿಗೆ ಹಾಗೆ ಗತಿ ಸಿಕ್ಕಿತು. ಒಂದು ಟೀ ಚಮಚ ಮೆಂತೆಯನ್ನು ಹಿಂದಿನ ರಾತ್ರಿಯೇ ನೆನೆ ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ತೊಳೆಯಿರಿ, ಕಹಿ ಅರ್ಧ ಇಳಿಯುತ್ತದೆ. ಅಕ್ಕಿ, ಮೆಂತೆ, ನಾಲ್ಕು ಕಪ್ ನೀರು ಕುಕ್ಕರಿಗೆ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಗಂಜಿ ನೊರೆ ಎದ್ದು ಸೀಟಿಯ ದಾರಿ ಕಟ್ಟಿಕೊಂಡರೆ ಅಪಾಯ. ನಾಲ್ಕು ಸೀಟಿ ಆದ ಮೇಲೆ ಆರಿಸಿ, ಅದರಷ್ಟಕ್ಕೆ ಇಳಿಯಲು ಬಿಡಿ. ಸೌಟಿನಿಂದ ಎತ್ತಿ ಬಲವಂತದಲ್ಲಿ ಗಾಳಿ ಬಿಡಬೇಡಿ, ಗೋಡೆಗೆಲ್ಲ ಗಂಜಿ ಹಾರುತ್ತದೆ. ನೋಡಿದ್ದೇನೆ.

ಅಷ್ಟರಲ್ಲಿ ಅರ್ಧ ತೆಂಗಿನಕಾಯಿ ತುರಿದು, ಬೆಚ್ಚಗಿನ ನೀರು ಹಾಕಿ ಮಿಕ್ಸಿಯಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿ. ಮೊದಲು ಬರುವ ದಪ್ಪ ಹಾಲು ಬೇರೆ ಇಡಿ. ಚರಟಕ್ಕೆ ಮತ್ತೆ ನೀರು ಹಾಕಿ ಹಿಂಡಿದ ತೆಳು ಹಾಲನ್ನು ಬೆಂದ ಗಂಜಿಗೆ ಹೊಯ್ಯಿರಿ. ಎರಡು ಸಣ್ಣ ಈರುಳ್ಳಿ, ಅರ್ಧ ಚಮಚ ಜೀರಿಗೆ, ಚಿಟಿಕೆ ಅರಿಸಿನ ಜಜ್ಜಿ ಹಾಕಿ ಐದು ನಿಮಿಷ ಕುದಿಸಿ. ದಪ್ಪ ಹಾಲು ಕೊನೆಗೆ. ಹಾಕಿದ ಮೇಲೆ ಬಿಸಿ ಏರಿದರೆ ಸಾಕು, ಕೊತಕೊತ ಕುದಿಸಿದರೆ ಹಾಲು ಒಡೆಯುತ್ತದೆ.

ಪುಣೆಯ ಬಾಜಾರಿನಲ್ಲಿ ನಾಲ್ಕು ಮರಾಠಿ ಶಬ್ದ ಗೊತ್ತಿರಲಿ. ತೆಂಗಿನಕಾಯಿ ನಾರಳ್, ಶುಂಠಿ ಆಲೆ, ಕರಿಬೇವು ಕಡಿಪತ್ತಾ, ಹುಣಸೆ ಚಿಂಚ್. ಸಹರಿಗೆ ನಿಮ್ಮ ಮನೆಯಾಕೆಗೆ ಕುಚ್ಚಲಕ್ಕಿ ಗಂಜಿಯೇ ಆಗಬೇಕೆಂದರೆ ಕೊಂಕಣದ ಸಾಮಾನಿನ ಅಂಗಡಿಯಲ್ಲಿ "ಉಕಡಾ ತಾಂದೂಳ್" ಅಂತ ಕೇಳಿ. ಭತ್ತವಿರುವಾಗಲೇ ಬೇಯಿಸಿ ಒಣಗಿಸಿದ ಅಕ್ಕಿ ಅದು, ಗಟ್ಟಿ, ಬೇಯಲು ಹೆಚ್ಚು ಹೊತ್ತು ಬೇಕು. ಜೊತೆಗೆ ಪುಣೆ ಸಮುದ್ರಮಟ್ಟದಿಂದ 560 ಮೀಟರಿನಷ್ಟು ಮೇಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಗೆ. ವ್ಯತ್ಯಾಸ ಸಣ್ಣದು, ಆದರೆ ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಇಡುವುದಾದರೆ ಊರಿನ ಲೆಕ್ಕಕ್ಕಿಂತ ಸ್ವಲ್ಪ ಹೊತ್ತು ಹೆಚ್ಚು ಇಟ್ಟುಕೊಳ್ಳಿ. ಒಣಮೆಣಸಿಗೆ ಮಾತ್ರ ಶಬ್ದ ಹುಡುಕಬೇಕಾಗಿಲ್ಲ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಇಲ್ಲಿ "ಬೇಡಗಿ" ಆಗಿ ಅಂಗಡಿ ಅಂಗಡಿಯಲ್ಲಿ ಕೂತಿದೆ.

ಉಪ್ಪಿನ ವಿಷಯ ಬೇರೆಯೇ ಹೇಳಬೇಕು. ನೋಂಬು ಹಿಡಿದವನು ರುಚಿ ನೋಡುವುದು ಹೇಗೆ? ಅಗತ್ಯವಿದ್ದರೆ ನಾಲಿಗೆಯ ತುದಿಗೆ ತಾಗಿಸಿ ಉಗುಳಬಹುದು, ಗಂಟಲಿಗೆ ಇಳಿಯಬಾರದು ಎಂದು ಉಲಮಾಗಳು ಹೇಳಿದ್ದುಂಟು. ಆದರೆ ಹೊಸಬನಿಗೆ ನಾಲಿಗೆಯ ತುದಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಶಅಬಾನ್ ತಿಂಗಳಲ್ಲೇ ಮೂರು ನಾಲ್ಕು ಸಲ ಮಾಡಿ, ಎಷ್ಟು ಚಮಚ ಉಪ್ಪು ಸರಿ ಅಂತ ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ. ಕಡಿಮೆಯಾದರೆ ಮೇಲಿಂದ ಹಾಕಬಹುದು, ಹೆಚ್ಚಾದರೆ ನೀರು ಸೇರಿಸಿ ಪಕ್ಕದ ಮನೆಗೂ ಕಳಿಸಬೇಕಾಗುತ್ತದೆ. ಸಾರಿಗೆ ನೀರು ಹೆಚ್ಚು ಹಾಕಿ ನೆರೆಯವರಿಗೆ ಕೊಡಿ ಅಂತ ಹದೀಸ್ ಇರುವುದೇನೋ ಹೌದು, ಆದರೆ ಅದು ಉಪ್ಪು ಹೆಚ್ಚಾದವರಿಗೆ ಹೇಳಿದ್ದಲ್ಲ ಮಾರಾಯ್ರೆ.

ಗಂಜಿ ಕೈಗೆ ಕೂತ ಮೇಲೆ ತೊಗರಿಬೇಳೆ, ಮೊಟ್ಟೆ, ಒಂದು ಪಲ್ಯ. ಚಪಾತಿ ಲಟ್ಟಿಸಲು ಈಗಲೇ ಹೋಗಬೇಡಿ. ಪುಣೆಯ ಗಲ್ಲಿಗಲ್ಲಿಯಲ್ಲಿ ಪೋಳಿ-ಭಾಜಿ ಕೇಂದ್ರಗಳಿವೆ. ಅಲ್ಲಿಂದ ಪೋಳಿ ತಂದು, ಪಲ್ಯ ಮಾತ್ರ ನೀವು ಮಾಡಿ. ಅದರಲ್ಲಿ ಮೋಸ ಏನೂ ಇಲ್ಲ, ಇಬ್ಬರೂ ದುಡಿಯುವ ಎಷ್ಟೋ ಮರಾಠಿ ಮನೆಗಳು ಹಾಗೇ ನಡೆಯುತ್ತವೆ. ಮಸಾಲೆ ಪುಡಿಗಳನ್ನು ಒಣ ಎಣ್ಣೆಗೆ ಹಾಕಬೇಡಿ, ಕೆಲವೇ ಸೆಕೆಂಡಿನಲ್ಲಿ ಸೀಯುತ್ತವೆ. ಟೊಮೆಟೊ ನೀರು ಬಿಟ್ಟ ಮೇಲೆ ಹಾಕಿ. ಅಡುಗೆ ಕುದಿಯುತ್ತಿರುವಾಗಲೇ ಪಾತ್ರೆ ತೊಳೆಯುತ್ತಾ ಬನ್ನಿ. ತಳ ಹಿಡಿದ ಕುಕ್ಕರಿಗೆ ಬಿಸಿನೀರು, ಒಂದು ಚಮಚ ಸೋಡಾ ಹಾಕಿ ಅರ್ಧ ಗಂಟೆ ಬಿಟ್ಟರೆ ಕೈನೋವಿಲ್ಲದೆ ಬಿಡುತ್ತದೆ. ಅವಳು ಬರುವಾಗ ಸಿಂಕ್ ಖಾಲಿ ಇರಬೇಕು. ಗಂಜಿಗಿಂತ ಮೊದಲು ಅವಳ ಕಣ್ಣು ಬೀಳುವುದು ಅಲ್ಲಿಗೇ.

ನಾನು ಮೊದಲ ಸಲ ಗಂಜಿ ಮಾಡಿದ ದಿನ ಅವಳು ಬಂದದ್ದು ಏಳೂಕಾಲಿಗೆ. ಬ್ಯಾಗ್ ಇಟ್ಟು, ಮಗ್ರಿಬ್ ಮುಗಿಸಿ, ಬಟ್ಟಲು ಹಿಡಿದು ಕೂತಳು. ಎರಡು ಚಮಚ ಕುಡಿದು ತಲೆ ಎತ್ತಿದಳು. "ಉಮ್ಮನ ಹತ್ರ ಕೇಳಿದ್ರಾ?" ಹೌದು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಮೆಂತೆ ಜಾಸ್ತಿ ಆಯ್ತು" ಅಂದಳು, ಎದ್ದು ಹೋಗಿ ಇನ್ನೊಂದು ಬಟ್ಟಲು ಹಾಕಿಕೊಂಡು ಬಂದಳು. ಆ ದಿನ ನಾನು ಹಾಕಿದ್ದು ಎರಡು ಚಮಚ. ಮೇಲೆ ಒಂದೇ ಅಂತ ಬರೆದದ್ದು ಅದಕ್ಕೇ.