ಮೂರು ಸಾವಿರ ಅಕ್ಷರಗಳ ಸಾಹಸ

ಕನ್ನಡದ ಮಗು ಕಲಿಯುವ ಮೂಲಾಕ್ಷರಗಳು ಐವತ್ತರೊಳಗೆ. ಚೀನೀ ಮಗುವಿನ ಪಾಡು ಬೇರೆ. ಅದು ಸಾವಿರಾರು ಚಿಹ್ನೆಗಳನ್ನು ನೆನಪಿಡಬೇಕು. ಇಷ್ಟೊಂದು ಚಿಹ್ನೆಗಳಿಗೆ ಅಚ್ಚುಮೊಳೆ ಮಾಡುವುದು ಹೇಗೆ? ಸುಮಾರು ಇನ್ನೂರು ವರ್ಷಗಳ ಹಿಂದೆ ಮಲಯ ತೀರದಲ್ಲಿ ಒಬ್ಬ ಪಾದ್ರಿ ಈ ಪ್ರಶ್ನೆಯ ಬೆನ್ನು ಹತ್ತಿದ.

ಲಂಡನ್ ಮಿಷನರಿ ಸೊಸೈಟಿಯ ರಾಬರ್ಟ್ ಮಾರಿಸನ್ ಚೀನಾ ತಲುಪಿದ್ದು 1807ರಲ್ಲಿ. ಅಲ್ಲಿ ಧರ್ಮಪ್ರಚಾರಕ್ಕೆ ನಿಷೇಧವಿತ್ತು. ವಿದೇಶೀಯರಿಗೆ ಭಾಷೆ ಕಲಿಸಿದವರಿಗೂ ಶಿಕ್ಷೆಯ ಭಯ. ಆದ್ದರಿಂದ ಅವನ ಸಹೋದ್ಯೋಗಿ ವಿಲಿಯಂ ಮಿಲ್ನ್ 1815ರಲ್ಲಿ ಚೀನೀಯರು ನೆಲೆಸಿದ್ದ ಮಲಾಕಾ ಬಂದರಿಗೆ ಹೋದ. ಮರದ ಹಲಗೆಯಲ್ಲಿ ಅಕ್ಷರ ಕೊರೆಯುವ ಲಿಯಾಂಗ್ ಫಾ ಜೊತೆಗಿದ್ದ. ಅದೇ ವರ್ಷ ಚೀನೀ ಮಾಸಪತ್ರಿಕೆ ಹೊರಟಿತು. 1818ರಲ್ಲಿ ಆಂಗ್ಲೋ-ಚೈನೀಸ್ ಕಾಲೇಜಿಗೆ ಅಡಿಗಲ್ಲು ಬಿತ್ತು.

ಮಿಷನರಿಗಳಿಗೆ ಮಲಯ ಭಾಷೆ ಕಲಿಸಿದವನು ಅರಬ್-ತಮಿಳು ಮೂಲದ ಮುನ್ಷಿ ಅಬ್ದುಲ್ಲಾ. ಅವರಿಂದ ಮುದ್ರಣ ಕಲಿತರೂ ಧರ್ಮ ಬದಲಿಸಲಿಲ್ಲ. ಅವನ ಆತ್ಮಕಥೆ 'ಹಿಕಾಯತ್ ಅಬ್ದುಲ್ಲಾ' 1849ರಲ್ಲಿ ಸಿಂಗಪುರದಲ್ಲಿ ಅಚ್ಚಾಯಿತು.

ಮರದ ಹಲಗೆಗೆ ಒಂದು ದೋಷವಿತ್ತು. ಒಂದು ಪುಟಕ್ಕೆ ಕೊರೆದ ಹಲಗೆ ಇನ್ನೊಂದು ಪುಟಕ್ಕೆ ಬಾರದು. 1827ರಲ್ಲಿ ಪೆನಾಂಗಿಗೆ ಬಂದ ಸ್ಯಾಮ್ಯುಯೆಲ್ ಡೈಯರ್ ಬಿಡಿ ಮೊಳೆಗಳೇ ಬೇಕೆಂದು ಹಟ ಹಿಡಿದ. ಕೇಂಬ್ರಿಜ್‌ನಲ್ಲಿ ಓದಿದ್ದ ಅವನು ಮೊದಲು ಕೈಗೆತ್ತಿಕೊಂಡದ್ದು ಉಳಿಯನ್ನಲ್ಲ, ಲೆಕ್ಕವನ್ನು! ಚೀನೀ ಪುಸ್ತಕಗಳಲ್ಲಿ ಯಾವ ಚಿಹ್ನೆ ಎಷ್ಟು ಸಲ ಬರುತ್ತದೆಂದು ಎಣಿಸಿದ. ಕೆಲವು ಪದೇ ಪದೇ ಬರುತ್ತವೆ, ಹಲವು ಅಪರೂಪ. ಪದೇ ಪದೇ ಬರುವುದಕ್ಕೆ ಹೆಚ್ಚು ಮೊಳೆ, ಅಪರೂಪದ್ದಕ್ಕೆ ಒಂದೆರಡು ಸಾಕು. ಹೀಗೆ ಆರಿಸಿದ 3,000 ಮುಖ್ಯ ಚಿಹ್ನೆಗಳ ಪಟ್ಟಿಯನ್ನು 1834ರಲ್ಲಿ ಪ್ರಕಟಿಸಿದ.

ಬಳಿಕ ಎರಕದ ಕೆಲಸ. ಉಕ್ಕಿನ ತುದಿಯಲ್ಲಿ ಚಿಹ್ನೆಯನ್ನು ಉಬ್ಬಾಗಿ ಕೆತ್ತಬೇಕು. ಅದನ್ನು ತಾಮ್ರಕ್ಕೆ ಬಡಿದರೆ ತಗ್ಗಾದ ಪಡಿಯಚ್ಚು ಸಿಗುತ್ತದೆ. ಅದರೊಳಗೆ ಕರಗಿದ ಸೀಸದ ಮಿಶ್ರಲೋಹ ಸುರಿದರೆ ಮೊಳೆ ಸಿದ್ಧ. ಬರಿಯ ಸೀಸ ಬಲು ಮೆದು. ಆಂಟಿಮನಿ ಬೆರೆಸಿದರೆ ಗಟ್ಟಿಯಾಗುತ್ತದೆ. ಒಂದು ಪಡಿಯಚ್ಚಿನಿಂದ ಬೇಕಾದಷ್ಟು ಮೊಳೆ ತೆಗೆಯಬಹುದು.

ಕೆಲಸ ಮುಗಿಯುವ ಮೊದಲೇ, 1843ರಲ್ಲಿ, ಮಕಾವ್‌ನಲ್ಲಿ ಡೈಯರ್ ತೀರಿಕೊಂಡ. ಆಗ ಅವನಿಗೆ 39 ವರ್ಷ. ಉಳಿದುದನ್ನು ಹಾಂಕಾಂಗ್‌ನಲ್ಲಿ ರಿಚರ್ಡ್ ಕೋಲ್ ಮುಂದುವರಿಸಿದ. 1873ರಲ್ಲಿ ಆ ಮುದ್ರಣಾಲಯವನ್ನು ಕೊಂಡವರು ವಾಂಗ್ ತಾವೋ ಮತ್ತು ಅವನ ಚೀನೀ ಸಂಗಾತಿಗಳು. ಮರುವರ್ಷವೇ ಅವರು ಸ್ವಂತ ದಿನಪತ್ರಿಕೆ ಆರಂಭಿಸಿದರು. ಧರ್ಮಗ್ರಂಥಕ್ಕೆಂದು ಶುರುವಾದ ಸಾಹಸ ಕೊನೆಗೆ ಚೀನೀಯರ ಸ್ವಂತ ಮಾತಿಗೂ ನೆರವಾಯಿತು.